ಬಾಯಿಮಾತೋ, ಚೀಟಿಯೋ, ಸರದಿಯೋ, ಆನ್‌ಲೈನೋ? ಹತ್ತು ಜನ ಕೂಡಿ ಯೋಚಿಸುವ ಮುನ್ನ

ಆಗಸ್ಟ್ ಮುಗಿಯುತ್ತಿದ್ದಂತೆ ಮುಂಬಯಿಯ ಕನ್ನಡ ಸಂಘಗಳಲ್ಲಿ ನವೆಂಬರಿನ ಮಾತು ಶುರುವಾಗುತ್ತದೆ. ಈ ಸಲದ ರಾಜ್ಯೋತ್ಸವಕ್ಕೆ ಏನು ಮಾಡೋಣ, ಕನ್ನಡ ತರಗತಿಗೆ ಮಕ್ಕಳನ್ನು ಕರೆತರುವುದು ಹೇಗೆ, ಗ್ರಂಥಾಲಯಕ್ಕೆ ಓದುಗರು ಯಾಕೆ ಬರುತ್ತಿಲ್ಲ? ಎಲ್ಲರೂ ಸೇರಿ ಹೊಸ ಐಡಿಯಾ ಹುಡುಕೋಣ ಎಂದು ಒಂದು ಭಾನುವಾರ ಸಭೆ ಕರೆಯುತ್ತಾರೆ. ಕಳೆದ ಎರಡು ತಿಂಗಳಲ್ಲಿ ಡೊಂಬಿವಲಿಯಿಂದ ಒಬ್ಬರು, ಮೀರಾ ರೋಡಿನಿಂದ ಒಬ್ಬರು, ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನೊಬ್ಬ, ಮೂವರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಈ ಬ್ರೈನ್‌ಸ್ಟಾರ್ಮಿಂಗ್ ನಡೆಸುವುದು ಹೇಗೆ? ಸುಮ್ಮನೆ ಕೂತು ಮಾತಾಡಿದರೆ ಸಾಕೋ, ಚೀಟಿ ಬರೆಸಬೇಕೋ, ಒಬ್ಬೊಬ್ಬರ ಸರದಿ ಕೇಳಬೇಕೋ, ಅಥವಾ ಗೂಗಲ್ ಮೀಟ್‌ನಲ್ಲೇ ಮುಗಿಸಬಹುದೋ?

ಹಗಲು ನಾನು ಅಂಧೇರಿಯ ಕಚೇರಿಯೊಂದರಲ್ಲಿ ಇಂಥ ಸಭೆಗಳನ್ನು ನಡೆಸುತ್ತೇನೆ, ರಜೆಯ ದಿನ ಸಂಘದ ಕೆಲಸ. ನಾಲ್ಕು ಬಗೆಯನ್ನೂ ಎರಡೂ ಕಡೆ ಮಾಡಿ ನೋಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವುದನ್ನೇ ಆರಿಸಿ, ಮೊದಲ ವ್ಯಕ್ತಿ ಬಾಯಿ ತೆರೆಯುವ ಮುನ್ನ ಪ್ರತಿಯೊಬ್ಬರಿಗೂ ತಮ್ಮಷ್ಟಕ್ಕೆ ಯೋಚಿಸಲು ಹತ್ತು ನಿಮಿಷ ಕೊಡಿ. ಈ ನಿಲುವಿಗೆ ಬಂದದ್ದು ಒಂದು ಸಭೆಯ ನಂತರ.

ಕೆಲವು ವರ್ಷಗಳ ಹಿಂದೆ ನಮ್ಮ ಸಮಿತಿಯ ಹದಿನಾಲ್ಕು ಮಂದಿ ಮಕ್ಕಳ ತರಗತಿಯ ಬಗ್ಗೆ ಚರ್ಚಿಸಲು ಕೂತೆವು. ಒಂದೂವರೆ ಗಂಟೆ ಮಾತಾಯಿತು. ಮಾತಾಡಿದವರು ನಾಲ್ವರು ಹಿರಿಯರು, ಉಳಿದ ಹತ್ತು ಜನ ತಲೆದೂಗಿದೆವು. ಹಿಂದಿನ ವರ್ಷದ್ದನ್ನೇ ಮುಂದುವರಿಸುವುದೆಂದು ತೀರ್ಮಾನವಾಯಿತು. ಸಭೆ ಮುಗಿಸಿ ಸ್ಟೇಷನ್ನಿಗೆ ನಡೆಯುವಾಗ ಜೊತೆಗಿದ್ದ ಒಬ್ಬ ಹುಡುಗಿ, ಆಗಷ್ಟೇ ಸಮಿತಿಗೆ ಸೇರಿದ್ದವಳು, ಮೆಲ್ಲಗೆ ಹೇಳಿದಳು: "ಮಕ್ಕಳು ಸಂಘಕ್ಕೆ ಬರುವುದಿಲ್ಲ ಅಕ್ಕ, ತರಗತಿಯೇ ಅವರ ಬಿಲ್ಡಿಂಗಿಗೆ ಹೋಗಬೇಕು. ನಮ್ಮ ಸೊಸೈಟಿಯಲ್ಲಿ ಆರು ಕನ್ನಡದ ಮನೆ ಉಂಟು, ಶನಿವಾರ ನಾನೇ ಕಲಿಸುತ್ತೇನೆ." ಅಲ್ಲೇ ಯಾಕೆ ಹೇಳಲಿಲ್ಲ ಎಂದೆ. "ಅಣ್ಣಂದಿರು ಮಾತಾಡುವಾಗ ಎಡೆಯಲ್ಲಿ ನಾನು ಹೇಗೆ ಮಾತಾಡುವುದು?" ಎಂದಳು. ಆ ಒಂದೂವರೆ ಗಂಟೆಯಲ್ಲಿ ಬಂದ ಎಲ್ಲ ಸಲಹೆಗಳಿಗಿಂತ ಒಳ್ಳೆಯದು ರಸ್ತೆಯಲ್ಲಿ ಸಿಕ್ಕಿತ್ತು. ಆ ಸಭೆ ನಡೆಸಿದವಳು ನಾನೇ. ಅದಕ್ಕೇ ಈಗಲೂ ನೆನಪಾದಾಗ ಮನಸ್ಸಿಗೆ ಚುಚ್ಚುತ್ತದೆ.

ಮೊದಲು ಏನನ್ನು ನೋಡಬೇಕು

ವಿಧಾನ ಆರಿಸುವ ಮುನ್ನ ನಿಮ್ಮ ಗುಂಪನ್ನೇ ನೋಡಿ. ನಾನು ತೂಗಿ ನೋಡುವುದು ಐದು ಸಂಗತಿಗಳನ್ನು.

ಮೊದಲನೆಯದು, ಕೋಣೆಯಲ್ಲಿ ಯಾರ ಎದುರು ಯಾರು ಕೂತಿದ್ದಾರೆ ಎಂಬುದು. ಅಧ್ಯಕ್ಷರು, ದೇಣಿಗೆ ಕೊಡುವ ಹೋಟೆಲ್ ಮಾಲೀಕರು, ಅವರಲ್ಲೇ ಕೆಲಸ ಮಾಡುವ ಹುಡುಗ, ಅತ್ತೆ ಮತ್ತು ಸೊಸೆ, ಎಲ್ಲರೂ ಒಂದೇ ಸಭೆಯಲ್ಲಿ ಇರುತ್ತಾರೆ. ಮಾತನಾಡುವ ಹಕ್ಕು ಎಲ್ಲರಿಗೂ ಇದೆ ಎಂದು ಘೋಷಿಸಿದ ಮಾತ್ರಕ್ಕೆ ಆ ಹುಡುಗ ಮಾತಾಡುವುದಿಲ್ಲ. ಕಚೇರಿಯಲ್ಲೂ ಹಾಗೆಯೇ. ಬಾಸ್ ಮೊದಲು ತನ್ನ ಐಡಿಯಾ ಹೇಳಿದರೆ ಆಮೇಲೆ ಬರುವುದೆಲ್ಲ ಅದರ ಬಾಲವೇ.

ಎರಡನೆಯದು ಮುಂಬಯಿ ಕನ್ನಡಿಗರಾದ ನಮಗೇ ವಿಶೇಷವಾದದ್ದು: ಯಾರಿಗೆ ಯಾವ ಲಿಪಿ ಬರುತ್ತದೆ? ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್. ಇಲ್ಲೇ ಹುಟ್ಟಿ ಬೆಳೆದವರಲ್ಲಿ ಕನ್ನಡ ಸೊಗಸಾಗಿ ಮಾತಾಡುತ್ತ, ಒಂದಕ್ಷರವೂ ಬರೆಯಲಾರದವರು ಬೇಕಾದಷ್ಟು ಜನ. ಊರಿನಿಂದ ಚಿಕ್ಕ ವಯಸ್ಸಿನಲ್ಲೇ ಹೋಟೆಲಿಗೆ ಬಂದ ಹಿರಿಯರಲ್ಲಿ ಕೆಲವರಿಗೆ ಪೆನ್ನು ಹಿಡಿಯಲು ಸಂಕೋಚ. ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತವರೂ ಇದ್ದಾರೆ, ಆ ಅವಕಾಶ ಸಿಗದವರೂ ಇದ್ದಾರೆ. ಚೀಟಿ ಹಂಚುವ ಮುನ್ನ ಇದನ್ನು ಯೋಚಿಸದಿದ್ದರೆ ಒಳ್ಳೆಯ ಉದ್ದೇಶದಿಂದಲೇ ಒಬ್ಬರನ್ನು ಎಲ್ಲರೆದುರು ನೋಯಿಸಿಬಿಡುತ್ತೇವೆ.

ಮೂರನೆಯದು, ನಿಮಗೆ ಬೇಕಿರುವುದು ತುಂಬಾ ಐಡಿಯಾಗಳೋ ಅಥವಾ ಅದೇ ದಿನ ಒಂದು ತೀರ್ಮಾನವೋ. ನಾಲ್ಕನೆಯದು ಸಮಯ, ಖರ್ಚು ಮತ್ತು ರೈಲು. ಐದನೆಯದನ್ನು ಬಹಳ ಜನ ಮರೆಯುತ್ತಾರೆ: ಐಡಿಯಾ ಹೇಳಿದವರು ನಾಳೆ ಅದಕ್ಕೆ ಕೈಜೋಡಿಸುತ್ತಾರೆಯೇ? ಸಂಬಳವಿಲ್ಲದ ಕೆಲಸದಲ್ಲಿ ತಮ್ಮದೆನಿಸಿದ್ದಕ್ಕೆ ಮಾತ್ರ ಜನ ಭಾನುವಾರ ಎದ್ದು ಬರುತ್ತಾರೆ.

ಬಾಯಿಮಾತಿನ ಬ್ರೈನ್‌ಸ್ಟಾರ್ಮಿಂಗ್

ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. ಬಿಬಿಡಿಒ ಎಂಬ ಏಜೆನ್ಸಿಯ ಹೆಸರಿನ ಕೊನೆಯ 'ಒ' ಅವರದೇ. 1940ರ ದಶಕದಲ್ಲಿ ಬರೆಯತೊಡಗಿ 1953ರ ಪುಸ್ತಕದಲ್ಲಿ ಅವರು ವಿಸ್ತಾರವಾಗಿ ವಿವರಿಸಿದ ನಿಯಮಗಳು ನಾಲ್ಕು: ಟೀಕೆ ಆಮೇಲೆ, ವಿಚಿತ್ರ ಐಡಿಯಾಗೂ ಸ್ವಾಗತ, ಎಷ್ಟು ಹೆಚ್ಚು ಬಂದರೆ ಅಷ್ಟು ಒಳ್ಳೆಯದು, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸಿ ಬೆಳೆಸಬೇಕು.

ನಿಯಮಗಳೇನೋ ಒಳ್ಳೆಯವೇ. ಆದರೆ ಹೀಗೆ ಕೂಡಿ ಮಾತಾಡಿದರೆ ಹೆಚ್ಚು ಐಡಿಯಾ ಬರುತ್ತದೆಯೇ ಎಂದು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ನಡೆಯಿತು. ನಾಲ್ವರನ್ನು ಒಟ್ಟಿಗೆ ಕೂರಿಸಿದಾಗ ಬಂದುದಕ್ಕಿಂತ, ನಾಲ್ವರು ಬೇರೆ ಬೇರೆಯಾಗಿ ಯೋಚಿಸಿ ಆಮೇಲೆ ಒಟ್ಟು ಮಾಡಿದಾಗ ಬಂದದ್ದೇ ಹೆಚ್ಚು. ಯಾಕೆ ಹೀಗೆ ಎಂಬುದಕ್ಕೆ 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಶ್ಟ್ರೋಬೆ ಮುಖ್ಯವಾದ ಒಂದು ಕಾರಣ ತೋರಿಸಿಕೊಟ್ಟರು: ಒಂದು ಹೊತ್ತಿಗೆ ಒಬ್ಬರೇ ಮಾತಾಡಲು ಸಾಧ್ಯ. ಉಳಿದವರು ಕಾಯಬೇಕು, ಕಾಯುತ್ತ ತಮ್ಮ ಐಡಿಯಾ ಮರೆಯುತ್ತಾರೆ, ಇಲ್ಲವೇ ಇದು ಹೇಳುವಂಥದ್ದಲ್ಲ ಎಂದು ಕೈಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಹನ್ನೆರಡು ಜನ, ಒಂದು ಗಂಟೆ ಎಂದರೆ ಸಮನಾಗಿ ಹಂಚಿದರೂ ತಲೆಗೆ ಐದು ನಿಮಿಷ, ಉಳಿದ ಐವತ್ತೈದು ನಿಮಿಷ ಕೇಳುವುದೇ. ನಮ್ಮ ಸಭೆಗಳಲ್ಲಿ ಆ ಹಂಚಿಕೆ ಸಮನಾಗಿಯೂ ಇರುವುದಿಲ್ಲ.

ಹಾಗೆಂದು ಬಾಯಿಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ಬರ್ನ್ ಕೂಡ ಒಬ್ಬರೇ ಕೂತು ಯೋಚಿಸುವುದನ್ನು ಬಿಡಿ ಎಂದವರಲ್ಲ, ಅದರ ಜೊತೆಗೆ ಇದೂ ಇರಲಿ ಎಂದವರು. ನಾಲ್ಕೈದು ಜನ, ಸರೀಕರು, ವರ್ಷಗಳ ಸ್ನೇಹ, ಒಬ್ಬರ ಮಾತನ್ನು ಇನ್ನೊಬ್ಬರು ತಡೆದರೂ ಬೇಸರವಿಲ್ಲ ಎಂಬಂಥ ಬಳಗವಾದರೆ ಇದರಷ್ಟು ಉತ್ಸಾಹ ಬೇರೆ ಯಾವುದರಲ್ಲೂ ಇಲ್ಲ. ನಾಟಕ ತಂಡದವರು ರಾತ್ರಿ ತಾಲೀಮು ಮುಗಿಸಿ ಚಹಾ ಕುಡಿಯುತ್ತ ಒಂದು ದೃಶ್ಯವನ್ನು ಕಟ್ಟುವುದನ್ನು ನೋಡಿದ್ದೇನೆ. ಒಬ್ಬನ ಅರ್ಧ ಮಾತನ್ನು ಇನ್ನೊಬ್ಬ ಪೂರ್ತಿ ಮಾಡುತ್ತಾನೆ. ಅಂಥವರಿಗೆ ಚೀಟಿ ಕೊಟ್ಟರೆ ಓಡುವವರ ಕಾಲು ಕಟ್ಟಿದಂತೆ. ಖರ್ಚು ಚಹಾದ್ದು ಮಾತ್ರ, ಅಕ್ಷರದ ತೊಡಕೂ ಇಲ್ಲ. ಎಂಟು ಜನ ದಾಟಿದರೆ, ಅಥವಾ ದೊಡ್ಡ ಸ್ಥಾನದವರೊಬ್ಬರು ಇದ್ದರೆ, ಇದನ್ನು ಆರಿಸಬೇಡಿ.

ಕಾಗದ ಸುತ್ತಿಸುವುದು

ಜರ್ಮನಿಯ ಬೆರ್ಂಡ್ ರೋರ್‌ಬಾಖ್ 1960ರ ದಶಕದ ಕೊನೆಯಲ್ಲಿ ಪರಿಚಯಿಸಿದ ಪದ್ಧತಿಗೆ 6-3-5 ಎಂದೇ ಹೆಸರು. ಆರು ಜನ ದುಂಡಗೆ ಕೂರುವುದು, ಪ್ರತಿಯೊಬ್ಬರ ಮುಂದೆ ಒಂದು ಹಾಳೆ. ಐದು ನಿಮಿಷದಲ್ಲಿ ಮೂರು ಐಡಿಯಾ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುವುದು. ಅವರು ಓದಿ, ಅದಕ್ಕೇ ಸೇರಿಸಿ ಅಥವಾ ಹೊಸದಾಗಿ ಇನ್ನು ಮೂರು ಬರೆಯುತ್ತಾರೆ. ಆರು ಸುತ್ತು ಮುಗಿದಾಗ ಅರ್ಧ ಗಂಟೆಯಲ್ಲಿ ಕೈಯಲ್ಲಿ 108 ಸಾಲುಗಳಿರುತ್ತವೆ.

ಇದರಲ್ಲಿ ಬಹಳಷ್ಟು ಒಂದರಂತೆ ಇನ್ನೊಂದು ಇರುತ್ತದೆ, ಆ ಸಂಖ್ಯೆ ನೋಡಿ ಹಿಗ್ಗಬೇಡಿ. ಆದರೆ ಅಣ್ಣಂದಿರ ಎಡೆಯಲ್ಲಿ ಬಾಯಿ ತೆರೆಯದವರೂ ಹಾಳೆಯ ಮೇಲೆ ತೆರೆಯುತ್ತಾರೆ. ಯಾರೂ ಕಾಯುವುದಿಲ್ಲ, ಆರೂ ಪೆನ್ನುಗಳು ಒಟ್ಟಿಗೆ ಓಡುತ್ತವೆ. ಖರ್ಚೂ ಅಷ್ಟೇ, ಆರು ಹಾಳೆ, ಆರು ಪೆನ್ನು. ಹನ್ನೆರಡು ಜನ ಇದ್ದರೆ ಎರಡು ಗುಂಪು ಮಾಡಿ, ಸುತ್ತನ್ನು ಹಿಗ್ಗಿಸಬೇಡಿ. ಆರನೆಯ ಸುತ್ತಿಗೇ ಜನ ದಣಿಯುತ್ತಾರೆ.

ತೊಡಕು ಆಗಲೇ ಹೇಳಿದ ಲಿಪಿಯದು. ನಾವು ಮೊದಲ ಸಲ ಇದನ್ನು ಮಾಡಿದಾಗ ನನ್ನ ಪಕ್ಕದ ಕಾಲೇಜು ಹುಡುಗ ಮೂರು ಸುತ್ತು ಬರಿಯ ಹಾಳೆ ದಾಟಿಸಿದ. ಕನ್ನಡದಲ್ಲೇ ಬರೆಯಬೇಕು ಎಂದುಕೊಂಡಿದ್ದನಂತೆ. ಈಗ ಆರಂಭದಲ್ಲೇ ಹೇಳುತ್ತೇನೆ: ಕನ್ನಡ, ದೇವನಾಗರಿ, ಇಂಗ್ಲಿಷ್ ಅಕ್ಷರ, ಚಿತ್ರ, ಯಾವುದರಲ್ಲಾದರೂ ಸರಿ, ಕಾಗುಣಿತ ಯಾರೂ ನೋಡುವುದಿಲ್ಲ. ಆದರೂ ದಾಟಿ ಬಂದ ಹಾಳೆಯನ್ನು ಓದಲಾಗದಿದ್ದರೆ ಒಬ್ಬರ ಐಡಿಯಾ ಮೇಲೆ ಇನ್ನೊಬ್ಬರು ಕಟ್ಟುವ ಲಾಭ ಹೋಗುತ್ತದೆ. ಓದುಬರಹ ಎಲ್ಲರಿಗೂ ಸಲೀಸಾಗಿರುವ ಕಚೇರಿ ತಂಡಕ್ಕೆ, ಶಿಕ್ಷಕರ ಬಳಗಕ್ಕೆ ಇದನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ನಾನಾ ವಯಸ್ಸಿನ, ನಾನಾ ಅಕ್ಷರದ ಸಂಘಕ್ಕೆ ಹೇಳುವಾಗ ಎರಡು ಸಲ ಯೋಚಿಸುತ್ತೇನೆ.

ಇನ್ನೊಂದು ಕೊರತೆಯೂ ಇದೆ. ಹಾಳೆಯ ಮೇಲಿನ ಐಡಿಯಾಗೆ ಒಡೆಯರಿಲ್ಲ. ಆರು ಕೈ ದಾಟಿ ಬಂದದ್ದು ಎಲ್ಲರದೂ ಹೌದು, ಯಾರದೂ ಅಲ್ಲ. ಮುಂದಿನ ವಾರ ಯಾರು ಮಾಡುತ್ತೀರಿ ಎಂದರೆ ಕೋಣೆ ಮೌನ.

ಮೊದಲು ಮೌನ, ಆಮೇಲೆ ಸರದಿ, ಕೊನೆಗೆ ಮತ

1971ರಲ್ಲಿ ಅಮೆರಿಕದ ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ ಪ್ರಕಟಿಸಿದ ಈ ಕ್ರಮಕ್ಕೆ ನಾಮಿನಲ್ ಗ್ರೂಪ್ ಟೆಕ್ನಿಕ್ ಎನ್ನುತ್ತಾರೆ. ನನಗೆ ಅತ್ಯಂತ ನಂಬಿಕೆ ಇರುವುದು ಇದರ ಮೇಲೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರಶ್ನೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಪ್ರತಿಯೊಬ್ಬರೂ ತಮಗಾಗಿ ಮಾತ್ರ ಬರೆದುಕೊಳ್ಳುತ್ತಾರೆ, ಬರೆಯಲಾಗದವರು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾರೆ. ಆ ಕಾಗದವನ್ನು ಬೇರೆ ಯಾರೂ ನೋಡುವುದಿಲ್ಲವಾದ್ದರಿಂದ ಲಿಪಿಯ ಪ್ರಶ್ನೆ ಇಲ್ಲಿ ತಾನಾಗಿಯೇ ಕರಗುತ್ತದೆ. ನಂತರ ಸರದಿ: ಒಬ್ಬೊಬ್ಬರು ಒಂದೊಂದೇ ಐಡಿಯಾ ಬಾಯಿಯಲ್ಲಿ ಹೇಳುವುದು, ಒಬ್ಬರು ಅದನ್ನು ಹೇಳಿದ ಮಾತಿನಲ್ಲೇ ದೊಡ್ಡ ಹಾಳೆಗೆ ಇಳಿಸುವುದು. ಈ ಹಂತದಲ್ಲಿ ವಾದವೂ ಇಲ್ಲ, ಮೆಚ್ಚುಗೆಯೂ ಇಲ್ಲ. ಎಲ್ಲರ ಪಟ್ಟಿ ಬರಿದಾಗುವವರೆಗೆ ಸುತ್ತು ಮುಂದುವರಿಯುತ್ತದೆ. ಆಮೇಲೆ ಒಂದೊಂದನ್ನೂ ಎತ್ತಿಕೊಂಡು ಅರ್ಥ ಬಿಡಿಸುವುದು, ಕೊನೆಗೆ ಪ್ರತಿಯೊಬ್ಬರೂ ತಮಗೆ ಬೇಕಾದ ಐದನ್ನು ಆರಿಸಿ ಗುಟ್ಟಾಗಿ ಅಂಕ ಕೊಡುವುದು.

ನಾನು ಇದಕ್ಕೆ ಸೇರಿಸಿಕೊಂಡದ್ದು ಎರಡು. ಸರದಿಯನ್ನು ಅತ್ಯಂತ ಕಿರಿಯರಿಂದ ಶುರು ಮಾಡಿ ಅಧ್ಯಕ್ಷರಲ್ಲಿ ಮುಗಿಸುತ್ತೇನೆ. ಇದನ್ನು ಅಧ್ಯಕ್ಷರಿಗೆ ಹಿಂದಿನ ದಿನವೇ ಫೋನ್ ಮಾಡಿ, "ಅಣ್ಣ, ನಾಳೆ ನೀವು ಕೊನೆಗೆ ಮಾತಾಡಬೇಕು, ಮೊದಲು ನೀವು ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ" ಎಂದು ಕೇಳಿಕೊಳ್ಳುತ್ತೇನೆ. ಇದುವರೆಗೆ ಯಾರೂ ಇಲ್ಲವೆಂದಿಲ್ಲ. ಸಭೆಯಲ್ಲಿ ಎಲ್ಲರೆದುರು ಹೇಳಿದ್ದರೆ ಅವಮಾನವಾಗುತ್ತಿತ್ತು. ಎರಡನೆಯದು, ಬರೆದುಕೊಳ್ಳುವ ಕೆಲಸವನ್ನು ತುಳು, ಕನ್ನಡ, ಮರಾಠಿ ಮೂರೂ ತಿಳಿದವರಿಗೆ ವಹಿಸುವುದು.

ಇಲ್ಲಿ ಐಡಿಯಾದ ಮೇಲೆ ಹೇಳಿದವರ ಮುಖ ಇರುತ್ತದೆ. ಅದು ಒಳ್ಳೆಯದೂ ಹೌದು, ಕಷ್ಟವೂ ಹೌದು. ಕೆಲಸಕ್ಕೆ ಜನ ಸಿಗುತ್ತಾರೆ. ಆದರೆ ಸಂಘದ ಲೆಕ್ಕಪತ್ರ, ಸದಸ್ಯತ್ವ ಶುಲ್ಕ, ಯಾರೋ ಒಬ್ಬರ ಕೆಲಸದ ವೈಖರಿಯಂಥ ನಾಜೂಕಿನ ವಿಷಯವಾದರೆ ಬಾಯಿಯಲ್ಲಿ ಹೇಳಲು ಹಿಂಜರಿಕೆ ಇದ್ದೇ ಇರುತ್ತದೆ. ಆಗ ಮೊದಲ ಹಂತದ ಚೀಟಿಗಳನ್ನು ಹೆಸರಿಲ್ಲದೆ ಡಬ್ಬಿಗೆ ಹಾಕಿಸಿ, ಒಬ್ಬರೇ ಓದಿ ಹೇಳಲಿ. ಇನ್ನೊಂದು ಬೆಲೆ ಸಮಯದ್ದು. ಹನ್ನೆರಡು ಜನರಿಗೆ ಎರಡು ಗಂಟೆ ಬೇಕೇ ಬೇಕು, ಅವಸರ ಮಾಡಿದರೆ ಅರ್ಥ ಬಿಡಿಸುವ ಹಂತವೇ ಸಾಯುತ್ತದೆ. ಸ್ವಾಭಾವಿಕವಾದ ನಗು, ಮಾತಿನ ಮೇಲೆ ಮಾತು ಏರುವ ಸೊಗಸು ಇದರಲ್ಲಿ ಕಡಿಮೆ. ಅದು ಬೇಕೆನ್ನುವವರಿಗೆ ಇದು ಪರೀಕ್ಷೆಯ ಕೋಣೆಯಂತೆ ಕಂಡರೆ ನಾನು ತಪ್ಪೆನ್ನಲಾರೆ.

ಐಡಿಯಾಗಳು ನಲವತ್ತು ದಾಟಿದರೆ ಅಂಕ ಹಾಕುವ ಮುನ್ನ ಅವನ್ನು ಗುಂಪುಗೂಡಿಸಿ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ತಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹೊಂದಿಸಲು ಬಳಸಿದ ಕ್ರಮ ಸುಲಭವಾದದ್ದು: ಒಂದು ಚೀಟಿಗೆ ಒಂದೇ ವಿಷಯ, ಎಲ್ಲವನ್ನೂ ನೆಲದ ಮೇಲೆ ಹರಡಿ ಹತ್ತಿರದವನ್ನು ಹತ್ತಿರ ಸರಿಸುವುದು, ಗುಂಪಿಗೆ ಹೆಸರು ಕೊನೆಗೆ ಇಡುವುದು. ಮೊದಲೇ ತಲೆಬರಹ ಇಟ್ಟರೆ ಹೊಸ ಐಡಿಯಾ ಹಳೆಯ ಡಬ್ಬಿಗೆ ಬೀಳುತ್ತದೆ.

ಆನ್‌ಲೈನ್

ಪುಣೆಯ ಹುಡುಗನ ಪ್ರಶ್ನೆ ಇದೇ ಆಗಿತ್ತು. ಅವನ ಬಳಗದಲ್ಲಿ ಹಿಂಜವಡಿಯವರು, ನವಿ ಮುಂಬಯಿಯವರು, ಗೋವಾದ ವಾಸ್ಕೋದವರು ಇಬ್ಬರು. ಒಂದೆಡೆ ಸೇರುವುದೆಂದರೆ ರಾತ್ರಿ ಪ್ರಯಾಣದ ಖರ್ಚು, ಒಂದು ದಿನದ ರಜೆ. ಅಂಥವರಿಗೆ ಆನ್‌ಲೈನ್ ಬಿಟ್ಟರೆ ದಾರಿಯಿಲ್ಲ, ಅದರಲ್ಲಿ ಕೀಳರಿಮೆಯೂ ಬೇಡ. 1990ರ ದಶಕದ ಆರಂಭದಲ್ಲೇ ಕಂಪ್ಯೂಟರಿನಲ್ಲಿ ಎಲ್ಲರೂ ಏಕಕಾಲಕ್ಕೆ ಟೈಪ್ ಮಾಡುವ ಪ್ರಯೋಗಗಳು ನಡೆದಿದ್ದು, ಗುಂಪು ದೊಡ್ಡದಾದಷ್ಟೂ ಬಾಯಿಮಾತಿಗಿಂತ ಇದರಲ್ಲೇ ಹೆಚ್ಚು ಐಡಿಯಾ ಬಂದಿತ್ತು.

ಆದರೆ ಏಕಕಾಲಕ್ಕೆ ಟೈಪ್ ಮಾಡುವುದೆಂದರೆ ವೀಡಿಯೊ ಕರೆಯಲ್ಲಿ ಮಾತಾಡುವುದಲ್ಲ. ಮೀಟ್‌ನಲ್ಲಿ ಎಲ್ಲರೂ ಮಾತಾಡಹೊರಟರೆ ಕೋಣೆಯಲ್ಲಿ ಕಾಯುವ ಹಾಗೆಯೇ ಕಾಯಬೇಕು, ಮೇಲಿಂದ ಮ್ಯೂಟ್ ತೆಗೆಯುವ ಕಷ್ಟ. ಎಲ್ಲರೂ ಬರೆಯಬಹುದಾದ ಒಂದು ಗೂಗಲ್ ಡಾಕ್ ತೆರೆದು, ಕರೆ ಚಾಲೂ ಇಟ್ಟು, ಹದಿನೈದು ನಿಮಿಷ ಎಲ್ಲರೂ ಮೌನವಾಗಿ ತುಂಬಿ, ಆಮೇಲೆ ಮಾತಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬೇಡ. ಐಡಿಯಾಗಳು ಶುಭೋದಯ ಚಿತ್ರಗಳ ನಡುವೆ ಕಳೆದುಹೋಗುತ್ತವೆ, ಮೊದಲು ಬಂದ ಸಂದೇಶಕ್ಕೆ ಹತ್ತು ಹೆಬ್ಬೆರಳು ಬಿದ್ದ ಮೇಲೆ ಬೇರೆಯದನ್ನು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಟೈಪ್ ಮಾಡಲಾರದ ಹಿರಿಯರಿದ್ದರೆ ಹಿಂದಿನ ದಿನವೇ ಅವರಿಂದ ವಾಯ್ಸ್ ಮೆಸೇಜ್ ತರಿಸಿಕೊಂಡು ನೀವೇ ಡಾಕ್‌ಗೆ ಸೇರಿಸಿ.

ಜಾಗ ಮತ್ತು ರೈಲು

ಭಾನುವಾರವೆಂದರೆ ಲೋಕಲ್ ರೈಲಿನ ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ಕಡಿಮೆ ಮಾಡುವುದು, ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗಿ ನಾಲ್ಕರ ಹೊತ್ತಿನವರೆಗೆ. ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಬದ್ಲಾಪುರದವರು, ಪನ್ವೇಲಿನವರು ಬೆವರಿ ಸುಸ್ತಾಗಿ ಹನ್ನೆರಡಕ್ಕೆ ಬರುತ್ತಾರೆ, ಮೌನದ ಹತ್ತು ನಿಮಿಷ ಅವರಿಗೆ ತಪ್ಪಿಹೋಗುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಇಡಿ, ಇಲ್ಲವೇ ಸಂಜೆ ಐದಕ್ಕೆ.

ಜಾಗದ ಆಯ್ಕೆಯಲ್ಲಿ ಬೇಕಾದದ್ದು ದುಂಡಗೆ ಕೂರಲು ನೆಲ ಮತ್ತು ಹಾಳೆ ಅಂಟಿಸಲು ಗೋಡೆ, ಇಷ್ಟೇ. ವೇದಿಕೆ, ಮೈಕು, ಸಾಲು ಕುರ್ಚಿಯ ಸಭಾಗೃಹ ಬಾಡಿಗೆಯೂ ಹೆಚ್ಚು, ಜನ ತಾವಾಗಿಯೇ ಪ್ರೇಕ್ಷಕರಾಗುತ್ತಾರೆ. ಆರು ಜನರಿಗೆ ಯಾರದಾದರೂ ಮನೆಯ ಹಾಲ್ ಸಾಕು, ಆದರೆ ಮನೆಯ ಹೆಂಗಸರು ಅಡುಗೆಮನೆಯಲ್ಲೇ ಉಳಿದುಬಿಡದಂತೆ ತಿಂಡಿ ಹೊರಗಿನಿಂದ ತರಿಸಿ. ಹನ್ನೆರಡು ಜನರಿಗೆ ಸೊಸೈಟಿ ಆಫೀಸೋ ಸಂಘದ ಸಣ್ಣ ಕೋಣೆಯೋ ಆದೀತು. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆ ಜನ ಹೊರಗೆ ಸಾಲು ನಿಂತಿರುತ್ತಾರೆ, ಅಲ್ಲಿ ಎರಡು ಗಂಟೆ ಮೇಜು ಹಿಡಿಯುವುದು ನ್ಯಾಯವಲ್ಲ. ಚಳಿಗಾಲದಲ್ಲಿ ಫೈವ್ ಗಾರ್ಡನ್ಸ್‌ನಂಥ ತೋಟದಲ್ಲಿ ನಾಲ್ಕೈದು ಜನ ಬಾಯಿಮಾತಿಗೆ ಕೂರಬಹುದು. ಚೀಟಿಗೆ ಗಾಳಿ ಬಿಡುವುದಿಲ್ಲ.

ಹಾಗಾದರೆ ನಿಮಗೆ ಯಾವುದು

ಡೊಂಬಿವಲಿಯವರದು ಹದಿನಾರು ಜನರ ಸಮಿತಿ, ಹಿರಿಯರು ಕಿರಿಯರು ಬೆರೆತವರು, ನವೆಂಬರಿನ ಕಾರ್ಯಕ್ರಮ ಅದೇ ದಿನ ತೀರ್ಮಾನವಾಗಬೇಕು. ಅವರಿಗೆ ಮೌನ, ಸರದಿ, ಮತ. ಎಂಟೆಂಟರ ಎರಡು ಗುಂಪು ಮಾಡಿ, ಅಪ್ಪ–ಮಗ, ಅತ್ತೆ–ಸೊಸೆ, ಮಾಲೀಕ–ಕೆಲಸಗಾರರು ಒಂದೇ ಗುಂಪಿನಲ್ಲಿ ಬೀಳದಂತೆ ನೋಡಿಕೊಳ್ಳಿ ಎಂದೆ. ಮೀರಾ ರೋಡಿನವರದು ಶಿಕ್ಷಕಿಯರ ಬಳಗ, ಏಳು ಜನ, ಮಕ್ಕಳ ಬೇಸಿಗೆ ಶಿಬಿರಕ್ಕೆ ಚಟುವಟಿಕೆಗಳ ದೊಡ್ಡ ಪಟ್ಟಿ ಬೇಕು, ತೀರ್ಮಾನಕ್ಕೆ ಇನ್ನೂ ಸಮಯವಿದೆ. ಅವರು ಕಾಗದ ಸುತ್ತಿಸಲಿ. ಒಬ್ಬರು ಗಡಿಯಾರ ನೋಡಿಕೊಂಡರೆ ಸರಿಯಾಗಿ ಆರು ಜನ ಉಳಿಯುತ್ತಾರೆ. ಪುಣೆಯವರು ಡಾಕ್‌ನಲ್ಲಿ ಶುರು ಮಾಡಿ, ಆಯ್ದ ಮೂರು ಐಡಿಯಾಗಳನ್ನು ಬೆಳೆಸಲು ಮಾತ್ರ ಒಮ್ಮೆ ಮುಖಾಮುಖಿ ಸೇರಲಿ. ಪ್ರಯಾಣದ ದುಡ್ಡು ಅಲ್ಲಿ ಸಾರ್ಥಕ.

ನಿಮಗೆ ಇರುವುದು ಬರೀ ನಲವತ್ತು ನಿಮಿಷವೇ? ಪ್ರಶ್ನೆಯನ್ನು ಎರಡು ದಿನ ಮುಂಚೆ ಕಳಿಸಿ. "ಸಂಘವನ್ನು ಹೇಗೆ ಬೆಳೆಸೋಣ" ಎಂದಲ್ಲ, "ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳು ಶನಿವಾರ ಒಂದು ಗಂಟೆ ಕನ್ನಡ ಓದುವಂತೆ ಮಾಡಲು ನಮ್ಮ ಕೈಯಲ್ಲಿ ಏನಾಗುತ್ತದೆ" ಎಂಬಷ್ಟು ಬಿಡಿಸಿ ಬರೆಯಿರಿ. ಪ್ರತಿಯೊಬ್ಬರೂ ಎರಡು ಐಡಿಯಾ ಹೊತ್ತು ಬರಲಿ. ಕೂತ ತಕ್ಷಣ ಐದು ನಿಮಿಷ ಮೌನ, ಇಪ್ಪತ್ತು ನಿಮಿಷ ಕಿರಿಯರಿಂದ ಸರದಿ, ಹತ್ತು ನಿಮಿಷ ಚರ್ಚೆ, ಉಳಿದ ಐದರಲ್ಲಿ ಅಂಕ. ಆಯ್ಕೆಯಾದದ್ದರ ಪಕ್ಕದಲ್ಲಿ ಒಂದು ಹೆಸರು, ಒಂದು ತಾರೀಖು ಬರೆದು ಹಾಳೆಯ ಫೋಟೊ ಅದೇ ರಾತ್ರಿ ಎಲ್ಲರಿಗೂ ಕಳಿಸಿ. ಮತ ಬೀಳದ ಐಡಿಯಾಗಳ ಹಾಳೆಯನ್ನೂ ಎಸೆಯಬೇಡಿ. ಅಂದು ರಸ್ತೆಯಲ್ಲಿ ಆ ಹುಡುಗಿ ಹೇಳಿದ ಮಾತು ಯಾವ ಹಾಳೆಯಲ್ಲೂ ಇರಲಿಲ್ಲ. ಅವಳ ಶನಿವಾರದ ತರಗತಿ ಶುರುವಾದದ್ದು ಮರುವರ್ಷ, ಸರದಿ ಅವಳಿಂದ ಶುರುವಾದ ಸಭೆಯ ನಂತರ.